ಮ್ಯಾಂಚೆಸ್ಟರಿನ ಫುಟ್‌ಪಾತಿನಲ್ಲಿ ಕೆ. ಹೊಸಕೋಟೆಯ ರಾಣಿ

ಕೆ. ಹೊಸಕೋಟೆ

ನನ್ನ ಕಸುಬು ರಾಣಿಯದು. ಮೂವತ್ತೆಂಟು ವರ್ಷದಿಂದ ಆಲೂರು, ಸಕಲೇಶಪುರದ ಹಳ್ಳಿಗಳಲ್ಲಿ ಕಿರೀಟ ಇಟ್ಟುಕೊಂಡು ಹಾಡುತ್ತಿದ್ದೇನೆ. ನಮ್ಮ ಕಡೆ ಸುಗ್ಗಿ ಮುಗಿದರೆ ಊರೂರಲ್ಲಿ ನಾಟಕ. ರಾಜ, ಮಂತ್ರಿ, ಸೇನಾಪತಿ ಎಲ್ಲ ಆಯಾ ಊರಿನ ಗಂಡಸರೇ. ಗದ್ದೆ ಮಾಡುವವರು, ಅಂಗಡಿ ಇಟ್ಟವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಹೆಣ್ಣು ಪಾತ್ರಕ್ಕೆ ಮಾತ್ರ ನನ್ನಂಥವರನ್ನು ಹೊರಗಿನಿಂದ ಕರೆಸುತ್ತಾರೆ. ನಮ್ಮ ನಾಟಕದಲ್ಲಿ ಮಾತು ಕಡಿಮೆ, ಹಾಡು ಜಾಸ್ತಿ. ‘ಕನಕರೇಖಾ ಪರಿಣಯ’ ಎಂಬ ನಾಟಕದಲ್ಲಂತೂ ರಾಣಿಯೊಬ್ಬಳಿಗೇ ಹದಿನಾರು ಹಾಡು.

ಇದಕ್ಕೆ ನಾನು ಬಿದ್ದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಅಪ್ಪನಿಗೆ ಕೆ. ಹೊಸಕೋಟೆಯಲ್ಲಿ ದಿನಸಿ ಅಂಗಡಿ ಇತ್ತು. ನಾಟಕದ ಅಭ್ಯಾಸ ನಡೆಯುತ್ತಿದ್ದುದು ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಬೆಲ್ಲ ತೂಗುತ್ತಾ ತೂಗುತ್ತಾ ಎಲ್ಲರ ಹಾಡೂ ನನ್ನ ಬಾಯಿಗೆ ಬಂದುಬಿಟ್ಟಿದ್ದವು. ಆ ವರ್ಷ ನಾಟಕದ ದಿನ ರಾಣಿ ಪಾತ್ರದಾಕೆ ಬರಬೇಕಿದ್ದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಅಪ್ಪ ಕಮಿಟಿಯಲ್ಲಿದ್ದರು. ನನ್ನ ಮುಖ ನೋಡದೆ, ತಕ್ಕಡಿ ನೋಡುತ್ತಾ, “ರಾಣಿ ಹಾಡೆಲ್ಲ ನಿಂಗೆ ಬರ್ತಾವಾ?” ಅಂದರು. ಮಂತ್ರಿಯ ಹಾಡೂ ಬರುತ್ತವೆ ಅಂದೆ. ಅಜ್ಜಿ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟರು. ಎರಡನೇ ನಾಟಕಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತರು.

ಆಮೇಲೆ ಮದುವೆಯಾದದ್ದು ಜೀಪ್ ಓಡಿಸುವವರನ್ನು, ಹಾಗಾಗಿ ಯಾವ ಊರಿನ ರಂಗಸ್ಥಳಕ್ಕೂ ನನಗೆ ಗಾಡಿಯ ಚಿಂತೆ ಇರಲಿಲ್ಲ. ಎಲ್ಲ ಚೆನ್ನಾಗಿಯೇ ಇತ್ತು, ಹೋದ ಮಾರ್ಚಿನವರೆಗೆ. ಹಾನುಬಾಳಿನಲ್ಲಿ ಮೂರನೇ ಅಂಕದ ಶೋಕದ ಹಾಡಿನಲ್ಲಿ, ಸ್ವರ ಎಲ್ಲಕ್ಕಿಂತ ಮೇಲೆ ಹೋಗಿ ನಿಲ್ಲಬೇಕಾದ ಜಾಗದಲ್ಲಿ, ನನ್ನ ಗಂಟಲು ಒಡೆಯಿತು. ಯಾರೂ ಏನೂ ಅನ್ನಲಿಲ್ಲ. ಆದರೆ ಅಕ್ಟೋಬರಿನಲ್ಲಿ ಹಾನುಬಾಳು ಕಮಿಟಿಯ ರೈಟರ್ ತಿಮ್ಮಪ್ಪ ಫೋನ್ ಮಾಡಿ, ಈ ಸಲ ರಾಣಿಗೆ ತುಮಕೂರು ಕಡೆಯ ಚೈತ್ರಾ ಎಂಬ ಹುಡುಗಿಯನ್ನು ಗೊತ್ತು ಮಾಡಿದ್ದಾರೆಂದೂ ನಾನು ರಾಜಮಾತೆ ಆಗಬೇಕೆಂದೂ ಬಹಳ ಮರ್ಯಾದೆಯಿಂದ ಹೇಳಿದರು. ರಾಜಮಾತೆ ಕುರ್ಚಿಯಲ್ಲಿ ಕೂತು ಆಶೀರ್ವಾದ ಮಾಡುತ್ತಾಳೆ, ಎರಡು ಸಲ ಅಳುತ್ತಾಳೆ. ಅವಳಿಗೆ ಒಂದೇ ಒಂದು ಹಾಡಿಲ್ಲ. ನಾಟಕದ ದಿನ ಬೇರೆ ಊರಿಗೆ ಒಪ್ಪಿಕೊಂಡಿದ್ದೇನೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಅದೇ ವಾರ ಮ್ಯಾಂಚೆಸ್ಟರಿನಿಂದ ಪೂರ್ಣಿಮಾ ಎಂಬಾಕೆ ಫೋನ್ ಮಾಡಿದಳು. ಹಾನುಬಾಳಿನ ಮಗಳು, ಅಲ್ಲಿ ನರ್ಸು. ಚಿಕ್ಕವಳಿದ್ದಾಗ ನನ್ನ ನಾಟಕ ನೋಡಿದ್ದಳಂತೆ. ಅಲ್ಲಿನ ಕನ್ನಡದವರು ಸೇರಿ ನವೆಂಬರಿನಲ್ಲಿ ‘ಕನಕರೇಖಾ ಪರಿಣಯ’ ಆಡುತ್ತಾರೆ, ರಾಣಿ ನೀವೇ ಆಗಬೇಕು ಅಂದಳು. ಮ್ಯಾಂಚೆಸ್ಟರ್ ಯಾವ ದಿಕ್ಕಿಗಿದೆಯೆಂದು ಕೇಳುವ ಮೊದಲೇ ಒಪ್ಪಿಕೊಂಡೆ. ಮನೆಯವರಿಗೆ ಅರೇಬಿಕಾ ಕುಯ್ಲಿಗೆ ಆಳುಗಳನ್ನು ಜೀಪಿನಲ್ಲಿ ಕರೆತರುವ ಕೆಲಸವಿತ್ತು. ಜೊತೆಗೆ ಹೊರಟವರು ಬೆಳಗೋಡಿನ ರುದ್ರಪ್ಪ ಮೇಷ್ಟ್ರು. ಇಪ್ಪತ್ತೆಂಟು ವರ್ಷದಿಂದ ನನ್ನ ಹಾಡಿಗೆ ಹಾರ್ಮೋನಿಯಂ ನುಡಿಸುವವರು.

ವಿಮಾನ ನಿಲ್ದಾಣ

ಮೇಷ್ಟ್ರು ಹಾರ್ಮೋನಿಯಮ್ಮನ್ನು ಎರಡು ಕಂಬಳಿಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು, ಅಲುಗಾಡದಿರಲೆಂದು ಸುತ್ತಲೂ ಚಕ್ಕುಲಿ, ಕೋಡುಬಳೆಯ ಪೊಟ್ಟಣ ತುರುಕಿದ್ದರು. ಮ್ಯಾಂಚೆಸ್ಟರಿನಲ್ಲಿ ಇಳಿದಾಗ ಅಧಿಕಾರಿಯೊಬ್ಬರು ಪೆಟ್ಟಿಗೆ ತೆಗೆಸಿದರು. ಹನ್ನೊಂದು ಪೊಟ್ಟಣ ಒಂದೊಂದಾಗಿ ಮೇಜಿನ ಮೇಲೆ ಬಂದವು. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ಕಂಬಳಿ ಬಿಚ್ಚಿ, ಇದೇನು ಎಂಬಂತೆ ನಮ್ಮ ಕಡೆ ತಿರುಗಿದರು. ಮೇಷ್ಟ್ರು ತಿದಿ ಎಳೆದು ಒಂದು ಮನೆ ಒತ್ತಿದರು. ಅದು ದೊಡ್ಡದಾಗಿ ಕೂಗಿತು. ಸಾಲಿನಲ್ಲಿದ್ದ ಮಗುವೊಂದು ಚಪ್ಪಾಳೆ ತಟ್ಟಿತು. ಅಧಿಕಾರಿ ತಾನೂ ಒಂದು ಸಲ ಒತ್ತಿ ನೋಡಿದರು, ಪಕ್ಕದ ಮೇಜಿನವರನ್ನು ಕರೆದರು, ಅವರೂ ಒತ್ತಿದರು. ನಮ್ಮ ಪಾಸ್‌ಪೋರ್ಟಿಗೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಆ ಪೆಟ್ಟಿಗೆಗೆ ಹಿಡಿಯಿತು.

ಹೊರಗೆ ಪೂರ್ಣಿಮಾ ಕಾದಿದ್ದಳು. ನನ್ನನ್ನು ಕಂಡಕೂಡಲೇ ಅಲ್ಲೇ ನೆಲಕ್ಕೆ ಬಾಗಿ ಕಾಲು ಮುಟ್ಟಿದಳು. ಪಕ್ಕದಲ್ಲಿದ್ದ ಬಿಳಿಯ ಗಂಡಸೊಬ್ಬರು ಅವಳೇನೋ ಕಳೆದುಕೊಂಡಳೆಂದು ತಿಳಿದು ತಾವೂ ಬಗ್ಗಿ ಹುಡುಕತೊಡಗಿದರು. ನಾನು ಆಶೀರ್ವಾದ ಮಾಡುವಾಗ ನನ್ನ ಕೈಯ ಕೆಳಗೆ ಎರಡು ತಲೆ ಇದ್ದವು. ಇಬ್ಬರಿಗೂ ಒಳ್ಳೆಯದಾಗಲಿ ಅಂದುಕೊಂಡೆ.

ಬಸ್ಸು

ಆ ಊರಿನ ಮಳೆ ನನಗೆ ಹೊಸದಲ್ಲ. ನಮ್ಮ ಕಡೆ ಆಗಸ್ಟಿನಲ್ಲಿ ಹಿಡಿಯುವ ಸೋನೆಯೇ. ನಮ್ಮಲ್ಲಿ ಮಳೆ ಬಂದರೆ ಜನ ನಿಂತು ಅದರ ಬಗ್ಗೆ ಮಾತಾಡುತ್ತಾರೆ. ಇಲ್ಲಿಯವರು ಅದರ ಬಗ್ಗೆ ಮಾತಾಡುತ್ತಲೇ ನಡೆದುಹೋಗುತ್ತಾರೆ. ದೂರದಲ್ಲಿ ಗುಡ್ಡಗಳು ಕಂಡವು. ಹಸಿರೇನೋ ಇತ್ತು, ಮರ ಇರಲಿಲ್ಲ. ಯಾರೋ ಕಾಫಿ, ಮೆಣಸು, ಸಿಲ್ವರ್ ಮರ ಎಲ್ಲ ಕಿತ್ತು ಗುಡ್ಡವನ್ನು ಒಗೆದು ಹರವಿದ ಹಾಗೆ ಕಂಡಿತು.

ಎರಡನೇ ದಿನ ನಾನು, ಮೇಷ್ಟ್ರು ಇಬ್ಬರೇ ಅಭ್ಯಾಸಕ್ಕೆ ಬಸ್ಸಿನಲ್ಲಿ ಹೋದೆವು. ಪೂರ್ಣಿಮಾ ಬರೆದುಕೊಟ್ಟ ಚೀಟಿ ತೋರಿಸಿದೆ. ಡ್ರೈವರು ಚೀಟಿ ನೋಡಿ ನಕ್ಕು ನನಗೆ “ಲವ್” ಅಂದ. ನಾನು ಕಂಬಿ ಹಿಡಿದು ನಿಂತುಬಿಟ್ಟೆ. ಮೂವತ್ತೆಂಟು ವರ್ಷದಲ್ಲಿ ಎಷ್ಟೋ ರಾಜರು ರಂಗದ ಮೇಲೆ ನನಗೆ ಪ್ರೇಮ ನಿವೇದನೆ ಮಾಡಿದ್ದಾರೆ, ಮುಕ್ಕಾಲುಪಾಲು ಜನ ಮಧ್ಯದಲ್ಲಿ ಮಾತು ಮರೆತಿದ್ದಾರೆ. ಈ ಮನುಷ್ಯ ಸ್ಟೇರಿಂಗ್ ಹಿಡಿದುಕೊಂಡೇ ಒಂದೇ ಮಾತಿನಲ್ಲಿ ಮುಗಿಸಿದ. ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ಹಿಂದೆ ತಿರುಗಿದರೆ ಅವನು ಮೇಷ್ಟ್ರಿಗೂ ಅದನ್ನೇ ಹೇಳುತ್ತಿದ್ದ. ಮೇಷ್ಟ್ರು ಕೈಮುಗಿದರು.

ಪೂರ್ಣಿಮಾ ಆಮೇಲೆ ವಿವರಿಸಿದಳು. ನಮ್ಮಲ್ಲಿ ಯಾರನ್ನು ಕಂಡರೂ ಮಾರಾಯ ಅನ್ನುತ್ತೇವಲ್ಲ, ಹಾಗಂತೆ. ಮೇಷ್ಟ್ರಿಗೆ ಸಮಾಧಾನವಾಯಿತು. ನನಗೆ ಸ್ವಲ್ಪ ಬೇಜಾರೇ ಆಯಿತು.

ಸಭಾಂಗಣ

ನಾಟಕಕ್ಕೆ ಗೊತ್ತು ಮಾಡಿದ್ದು ಇಗರ್ಜಿಯೊಂದಕ್ಕೆ ಸೇರಿದ ಹಳೆಯ ಸಭಾಂಗಣ. ಅದನ್ನು ನೋಡಿಕೊಳ್ಳುವಾಕೆ ಶೀಲಾ ಅಂತ ಪೂರ್ಣಿಮಾ ಹೇಳಿದಾಗ ನಮ್ಮ ಕಡೆಯವರೇ ಇರಬೇಕು ಅಂದುಕೊಂಡು, ಅರಿಶಿನ ಕುಂಕುಮ ತೆಗೆದಿಟ್ಟುಕೊಂಡು ಹೋಗಿದ್ದೆ. ಬಾಗಿಲು ತೆಗೆದಾಕೆ ಎಪ್ಪತ್ತೆಂಟು ವರ್ಷದ ಇಂಗ್ಲಿಷ್ ಮುದುಕಿ. ಬೆಳ್ಳಿಕೂದಲು, ಕೆಂಪು ಬೂಟು. ತಂದದ್ದು ತಂದಾಗಿತ್ತು, ಕುಂಕುಮ ಹಚ್ಚಿದೆ. ಆಕೆ ಕನ್ನಡಿ ನೋಡಿಕೊಂಡು ಬಹಳ ಖುಷಿಪಟ್ಟಳು.

ಶೀಲಾ ಎಲ್ಲದಕ್ಕೂ ಕ್ಷಮೆ ಕೇಳುತ್ತಿದ್ದಳು. ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಗೂ ಕೇಳಿದಳು. ಒಂದು ವಿಷಯದಲ್ಲಿ ಮಾತ್ರ ಗಟ್ಟಿ: ಒಳಗೆ ಬೆಂಕಿ ಹಚ್ಚಕೂಡದು, ದೀಪವಿರಲಿ, ಊದುಬತ್ತಿಯಿರಲಿ. ಹೊಗೆ ತಾಗಿದರೆ ಕೂಗುವ, ಚಾವಣಿಯ ಬಿಳಿ ಗುಂಡಿಗಳನ್ನು ತೋರಿಸಿ ಕಿವಿ ಮುಚ್ಚಿಕೊಂಡಳು. ಪೂರ್ಣಿಮಾ ಬ್ಯಾಟರಿಯ ದೀಪ ತಂದಿದ್ದಳು. ಮೇಷ್ಟ್ರು ಅದನ್ನು ನೋಡಿ ಮುಖ ತಿರುಗಿಸಿದರು.

ರಾಜನ ಪಾತ್ರ ಪೂರ್ಣಿಮಾಳ ಗಂಡ ಲೋಕೇಶನದು. ಆ ಊರಲ್ಲಿ ಟ್ರಾಮ್ ಓಡಿಸುತ್ತಾನೆ. ದನಿ ಚೆನ್ನಾಗಿತ್ತು, ಮಾತು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅಭ್ಯಾಸ ನಡೆಯುತ್ತಾ ನಡೆಯುತ್ತಾ ನನ್ನ ಶೋಕದ ಹಾಡು ಬಂತು. ಮೇಲಿನ ಆ ಸ್ವರ ಹತ್ತಿರವಾದಂತೆ ನಾನು ಮಾರ್ಚಿನಿಂದ ಮನೆಯಲ್ಲಿ ರೂಢಿಸಿಕೊಂಡಿದ್ದ ಉಪಾಯ ಮಾಡಿದೆ: ಸ್ವರ ಮುಟ್ಟುವ ಬದಲು ಬಿಕ್ಕಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಸಿದೆ. ಲೋಕೇಶನ ಕಣ್ಣು ಒದ್ದೆಯಾಯಿತು. ಪೂರ್ಣಿಮಾ ಮೂಗು ಒರೆಸಿಕೊಂಡಳು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಶೀಲಾ. ನಕ್ಕು ನಕ್ಕು ಆಕೆಗೆ ಉಸಿರು ಸಿಗುತ್ತಿರಲಿಲ್ಲ. ಎದ್ದು ಬಂದು ನನ್ನ ಎರಡೂ ಕೈ ಹಿಡಿದು, ಗಂಟಲು ಮುಟ್ಟಿ, ಮೇಲಕ್ಕೆ ಬೊಟ್ಟು ತೋರಿಸಿ, ನನ್ನದೇ ಬಿಕ್ಕಳಿಕೆಯನ್ನು ನನಗಿಂತ ಚೆನ್ನಾಗಿ ಬಿಕ್ಕಿ ತೋರಿಸಿದಳು. ಸಿಕ್ಕಿಬಿದ್ದೆ ಅಂತ ಗೊತ್ತಾಯಿತು. ಸಿಟ್ಟು ಬರಬೇಕಿತ್ತು, ನಗು ಬಂತು. ಇಬ್ಬರೂ ರಂಗದ ಅಂಚಿನಲ್ಲಿ ಕೂತು ನಕ್ಕೆವು. ಉಳಿದವರಿಗೆ ಏನೂ ಅರ್ಥವಾಗಲಿಲ್ಲ.

ಶೀಲಾ ಮನೆ

ಮಾರನೇ ದಿನ ಪೂರ್ಣಿಮಾಳನ್ನೂ ನನ್ನನ್ನೂ ಚಹಾಕ್ಕೆ ಕರೆದಳು. ಸಭಾಂಗಣದ ಹಿಂದೆ ಎರಡು ಕೋಣೆಯ ಮನೆ. ಗೋಡೆಯ ತುಂಬ ಹಳೆಯ ಫೋಟೋ. ಗರಿಯ ಟೋಪಿ ಹಾಕಿದ ಹುಡುಗಿಯರ ಸಾಲಿನಲ್ಲಿ ಎಡದಿಂದ ನಾಲ್ಕನೆಯವಳು ಶೀಲಾ. ಈಕೆಯೂ ಸಂಗೀತ ನಾಟಕದವಳು. ಹದಿನೇಳಕ್ಕೆ ಮನೆ ಬಿಟ್ಟು ಕಂಪನಿ ಸೇರಿ, ಮೂವತ್ತಮೂರು ವರ್ಷ ಊರೂರು ತಿರುಗಿ ಹಾಡಿದವಳು.

ಹೇಳಿದ್ದನ್ನು ಪೂರ್ಣಿಮಾ ಕನ್ನಡದಲ್ಲಿ ಹೇಳುತ್ತಾ ಹೋದಳು. ನಾಲ್ಕು ವರ್ಷ ಶೀಲಾಳ ಕೆಲಸ ಏನೆಂದರೆ, ನಾಯಕಿಯ ಎಲ್ಲ ಹಾಡೂ ಕಲಿತು ಪರದೆಯ ಪಕ್ಕ ಸಿದ್ಧಳಾಗಿ ನಿಲ್ಲುವುದು. ನಾಯಕಿಗೆ ಹುಷಾರಿಲ್ಲದಿದ್ದರೆ ಇವಳು ಹೋಗಬೇಕು. ಆದರೆ ಆ ಮಹಾತಾಯಿ ಕಬ್ಬಿಣದಂಥ ಹೆಂಗಸು, ನೆಗಡಿಯೂ ಬರುತ್ತಿರಲಿಲ್ಲವಂತೆ. ಯಾರಾದರೂ ಕೆಮ್ಮಿದರೆ ಶೀಲಾ ಅವರನ್ನು ನಾಯಕಿಯ ಪಕ್ಕ ಕೂರಿಸಿ ಬರುತ್ತಿದ್ದಳಂತೆ. ಹಾಗೆ ಮಾಡಿಯೂ ನಾಲ್ಕು ವರ್ಷದಲ್ಲಿ ಹನ್ನೊಂದೇ ಸಲ ಅವಕಾಶ ಸಿಕ್ಕಿತು. ಆಮೇಲೆ ತಾನೇ ನಾಯಕಿಯಾದಳು, ವಯಸ್ಸಾದಂತೆ ಮೇಲಿನ ಸ್ವರ ಹೋಯಿತು, ಬಿಕ್ಕುವುದನ್ನು ಕಲಿತಳು. ನಲವತ್ತೈದಕ್ಕೆ ತಾಯಿಯ ಪಾತ್ರ ಕೊಟ್ಟರು. ಒಂದು ವಾರ ಅತ್ತಳಂತೆ. ತಾಯಿಯಾಗಿ ಸಿಕ್ಕಷ್ಟು ಚಪ್ಪಾಳೆ ನಾಯಕಿಯಾಗಿ ಸಿಕ್ಕಿರಲಿಲ್ಲವಂತೆ, ಜೊತೆಗೆ ಕೂರಲು ಕುರ್ಚಿ ಬೇರೆ.

ಹಾನುಬಾಳಿನ ವಿಷಯ ಮನೆಯವರಿಗೂ ಹೇಳಿರಲಿಲ್ಲ. ಅಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಪೂರ್ಣಿಮಾ ಇಂಗ್ಲಿಷಿನಲ್ಲಿ ಹೇಳುತ್ತಾ ಅರ್ಧದಲ್ಲಿ ನಿಂತು, “ಗಿರಿಜಕ್ಕ, ಹೌದಾ?” ಅಂತ ನನ್ನನ್ನೇ ಕೇಳಿದಳು.

ಶೀಲಾ ಪಿಯಾನೋ ಮುಂದೆ ಕೂತು ನನ್ನನ್ನು ಹಾಡು ಅಂದಳು. ನಾನು ಕಪ್ಪು ನಾಲ್ಕರ ಶ್ರುತಿಯಲ್ಲಿ, ಅಂದರೆ ನಾಲ್ಕನೇ ಕಪ್ಪು ಮನೆಗೆ, ಶುರುಮಾಡಿದೆ. ಇಪ್ಪತ್ತೆಂಟು ವರ್ಷ ಅದರಲ್ಲೇ ಹಾಡಿದ್ದು. ಬೇಡವೆಂದು ತಲೆಯಾಡಿಸಿ ಒಂದು ಮನೆ ಇಳಿಸಿದಳು. ಮತ್ತೊಂದು ಇಳಿಸಿದಳು. ಮೂರನೇ ಸಲ ಬಿಳಿ ನಾಲ್ಕಕ್ಕೆ ಬಂದಾಗ ಆ ಮೇಲಿನ ಸ್ವರ ತಾನಾಗಿ ಹೋಗಿ ನಿಂತಿತು. ತೆಳುವಾಗಿ ಅಲ್ಲ, ಅಗಲವಾಗಿ. ಇಂಥ ದನಿ ನನ್ನಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಖುಷಿಗೆ ಇನ್ನೂ ಮೂರು ಸಲ ಹಾಡಿದೆ. ಪಕ್ಕದ ಮನೆಯ ನಾಯಿ ಬೊಗಳಿತು.

ಪೂರ್ಣಿಮಾಳ ಅಡುಗೆಮನೆ

ಇನ್ನು ಮೇಷ್ಟ್ರಿಗೆ ಹೇಳುವ ಕೆಲಸ ಉಳಿದಿತ್ತು. ಶುಕ್ರವಾರ ಬೆಳಿಗ್ಗೆ ಅವರು ಅಡುಗೆಮನೆಯಲ್ಲಿ ಕಾಫಿಗೆ ಚಕ್ಕುಲಿ ಅದ್ದಿಕೊಂಡು ತಿನ್ನುತ್ತಿದ್ದರು. ಶ್ರುತಿ ಬಿಳಿ ನಾಲ್ಕಕ್ಕೆ ಇಳಿಸಬೇಕು ಮೇಷ್ಟ್ರೇ ಅಂದೆ. ಅವರು ಚಕ್ಕುಲಿ ಕೆಳಗಿಟ್ಟರು.

“ಕಪ್ಪು ನಾಲ್ಕು ಬುಟ್ಟು ನಿಂಗೆ ನಾನು ಬ್ಯಾರೆ ಮನೆ ಹಿಡ್ದೋನಲ್ಲ ಕಣವ್ವ.”

“ನನ್ನ ಕೈಲಿ ಆಗ್ತಿಲ್ಲ ಮೇಷ್ಟ್ರೇ. ಹಾನುಬಾಳಲ್ಲಿ ನೀವೇ ಕೇಳುದ್ರಲ್ಲ.”

ಅವರು ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು: “ಹಾನುಬಾಳಲ್ಲಿ ಅಲ್ಲ ಕಣವ್ವ, ಎಲ್ಡು ವರ್ಷದಿಂದ ಕೇಳ್ತಾ ಇವ್ನಿ. ಆ ಜಾಗ ಬಂದಾಗೆಲ್ಲ ಪೆಟ್ಟಿಗೆ ಜೋರಾಗಿ ಎಳೀತಿದ್ದೆ, ನಿನ್ನ ದನಿ ಮುಚ್ಕೊಳ್ಳಲಿ ಅಂತ. ಹಾನುಬಾಳಲ್ಲಿ ಕೈ ಬೆವೆತು ಜಾರೋಯ್ತು.”

ಅಂದರೆ ಎರಡು ವರ್ಷ ನಾನು ಮುಟ್ಟಿದೆನೆಂದುಕೊಂಡ ಸ್ವರ ಎಷ್ಟೋ ಸಲ ಅವರ ಪೆಟ್ಟಿಗೆಯದು. ಕೋಪ ಮಾಡಿಕೊಳ್ಳಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಶ್ರುತಿಯ ಮಾತಿಗೆ ಮಾತ್ರ ಅವರು ಹೂಂ ಅನ್ನಲಿಲ್ಲ. “ನೋಡಾನ” ಅಂದು ಎದ್ದುಹೋದರು.

ಶನಿವಾರ

ನಾಟಕ ಮಧ್ಯಾಹ್ನ ಎರಡು ಗಂಟೆಗೆ. ಜೀವಮಾನದಲ್ಲಿ ಮೊದಲ ಸಲ ಹಗಲಿನಲ್ಲಿ ಬಣ್ಣ ಹಚ್ಚಿದೆ. ನಮ್ಮಲ್ಲಿ ಜನ ಚಾಪೆ, ಕಂಬಳಿ ಹೊತ್ತು ಬರುತ್ತಾರೆ. ಇಲ್ಲಿ ಮಕ್ಕಳ ಗಾಡಿ ತಳ್ಳಿಕೊಂಡು ಬಂದರು. ಲೋಕೇಶ ಡ್ಯೂಟಿ ಮುಗಿಸಿ ಓಡಿಬಂದವನು ಟ್ರಾಮಿನ ಸಮವಸ್ತ್ರದ ಮೇಲೆಯೇ ರಾಜನ ಅಂಗಿ ತೊಟ್ಟ. ಎಲ್ಲ ಸಿದ್ಧವಾಗಿ ಇನ್ನೇನು ಪರದೆ ಸರಿಯಬೇಕು, ಅಷ್ಟರಲ್ಲಿ ಚಾವಣಿಯಿಂದ ಕಿವಿ ಸೀಳುವ ಸದ್ದು ಶುರುವಾಯಿತು.

ಮೇಷ್ಟ್ರು ಪರದೆಯ ಹಿಂದೆ ಹಾರ್ಮೋನಿಯಂ ಮುಂದೆ ಒಂದು ಚೂರು ಕರ್ಪೂರ ಹಚ್ಚಿದ್ದರು. ಬ್ಯಾಟರಿ ದೀಪಕ್ಕೆ ಕೈಮುಗಿದು ಅವರಿಗೆ ಅಭ್ಯಾಸವಿರಲಿಲ್ಲ.

ಆ ಊರಿನಲ್ಲಿ ಆ ಸದ್ದು ಬಂದರೆ ಕಾರಣ ಕೇಳುವಂತಿಲ್ಲ, ಎಲ್ಲರೂ ಬೀದಿಗೆ. ಹೊರಗೆ ಸೋನೆ ಮಳೆ. ಫುಟ್‌ಪಾತಿನ ಮೇಲೆ ರಾಜ, ಮಂತ್ರಿ, ಭರ್ಜಿ ಹಿಡಿದ ಇಬ್ಬರು ಕಾವಲುಗಾರರು, ಕಿರೀಟ ಹೊತ್ತ ನಾನು, ಹಿಂದೆ ಇನ್ನೂರು ಜನ ಪ್ರೇಕ್ಷಕರು. ಕೆಂಪು ಲಾರಿಯಲ್ಲಿ ಬೆಂಕಿ ಆರಿಸುವವರು ಬಂದರು. ಅವರಲ್ಲಿ ಒಬ್ಬಳು ಹೆಂಗಸು. ನನ್ನ ಕಿರೀಟ ನೋಡಿ ಸೊಂಟ ಬಗ್ಗಿಸಿ ವಂದಿಸಿ ಒಳಗೆ ಓಡಿದಳು. ಹೋಗುವ ಬಸ್ಸುಗಳೆಲ್ಲ ನಿಧಾನವಾದವು. ಒಂದು ಮಗು ಚಳಿಗೆ ಅಳತೊಡಗಿತು. ಪೂರ್ಣಿಮಾಳ ಮುಖ ನೋಡಿದೆ. ವರ್ಷವಿಡೀ ಓಡಾಡಿ ಕೂಡಿಸಿದ ನಾಟಕ. ಕಾದು ಬೇಸತ್ತು ಒಂದೆರಡು ಸಂಸಾರ ಕಾರಿನ ಕಡೆ ಹೊರಟಿದ್ದವು.

ಮೇಷ್ಟ್ರು ಹಾರ್ಮೋನಿಯಮ್ಮನ್ನು ಎದೆಗವಚಿಕೊಂಡು ಹೊರಗೆ ಬಂದಿದ್ದರು. ಅದನ್ನು ಒಂದು ಮೋಟುಗೋಡೆಯ ಮೇಲಿಟ್ಟರು. ಶೀಲಾ ಕೊಡೆ ಬಿಚ್ಚಿ ಹಾರ್ಮೋನಿಯಮ್ಮಿಗೆ ಹಿಡಿದಳು, ಮೇಷ್ಟ್ರು ನೆನೆದರು. ನನ್ನನ್ನು ಏನೂ ಕೇಳದೆ ಅವರು ತಿದಿ ಎಳೆದು ಬೆರಳಿಟ್ಟರು. ಬಿಳಿ ನಾಲ್ಕು.

ನಾಂದಿಯನ್ನು ಬೀದಿಯಲ್ಲೇ ಹಾಡಿದೆ. ಮೊದಲ ಸಾಲಿಗೇ ಕಾರಿನ ಕಡೆ ಹೊರಟವರು ತಿರುಗಿದರು. ಎದುರಿನ ಅಂಗಡಿಯವರು ಆಲೂಗೆಡ್ಡೆ ಚಿಪ್ಸ್ ತಿನ್ನುತ್ತಾ ಬಾಗಿಲಿಗೆ ಬಂದರು. ನಾಂದಿ ಮುಗಿದರೂ ಬಾಗಿಲು ತೆರೆದಿರಲಿಲ್ಲ, ಸರಿ ಅಂತ ಎರಡನೇ ಹಾಡು ಹಿಡಿದೆ. ಲೋಕೇಶ ಅಲ್ಲೇ ಉತ್ತರ ಹಾಡಿದ. ಮಳೆಗೆ ಅವನ ಮೀಸೆ ಕಿತ್ತು ನನ್ನ ತೋಳಿಗೆ ಅಂಟಿಕೊಂಡಿತು, ಹಾಗೆಯೇ ಅಭಿನಯಿಸಿದೆವು. ನನಗೆ ಇಪ್ಪತ್ತು ವರ್ಷದ ಹುಡುಗಿಯ ಹಾಗೆ ಖುಷಿಯ ಅಮಲು ಏರಿತ್ತು. ಒಳಗಿಂದ ಬಂದ ಬೆಂಕಿಯವರು ಕೈಯಲ್ಲಿ ಕರ್ಪೂರದ ತಟ್ಟೆ ಹಿಡಿದು ನಿಂತು, ಹಾಡು ಮುಗಿಯುವವರೆಗೆ ಕಾದು, ಆಮೇಲೆ ಬೈದರು. ಶೀಲಾ ಮೇಷ್ಟ್ರನ್ನು ಇನ್ನೂ ಹೆಚ್ಚು ಬೈದಳು. ಒಂದಕ್ಷರ ಅರ್ಥವಾಗದಿದ್ದರೂ ಮೇಷ್ಟ್ರು ಪ್ರತಿ ವಾಕ್ಯಕ್ಕೂ ಕೈಮುಗಿದರು.

ಒಳಗೆ ಹೋಗಿ ನಾಟಕ ಮಾಡಿದೆವು. ಎರಡನೇ ಅಂಕದಲ್ಲಿ ರಾಜ ಕಾವಲುಗಾರರಿಗೆ ಕೋಟೆಯ ಬಾಗಿಲು ಹಾಕಲು ಹೇಳಬೇಕು. ಲೋಕೇಶ ಮಾತು ಮರೆತು, ಕತ್ತಿ ಎತ್ತಿ, ಗಂಭೀರವಾಗಿ, ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ ಎಂದು ದಿನವೂ ಟ್ರಾಮಿನಲ್ಲಿ ಕೇಳುವುದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಅಲ್ಲಿಂದ ಮುಂದೆ ಜನರನ್ನು ಹಿಡಿಯುವುದೇ ಕಷ್ಟವಾಯಿತು. ಆದರೂ ಮೂರನೇ ಅಂಕ ಬಂದಾಗ ಸದ್ದಡಗಿತು. ಶೋಕದ ಹಾಡು ಮೇಲೇರಿ ಆ ಜಾಗಕ್ಕೆ ಬಂತು. ಮೇಷ್ಟ್ರು ತಿದಿ ಪೂರಾ ನಿಲ್ಲಿಸಿಬಿಟ್ಟರು. ಪೆಟ್ಟಿಗೆಯ ಸದ್ದೇ ಇಲ್ಲ, ನಾನೊಬ್ಬಳೇ. ಸ್ವರ ಹೋಗಿ ನಿಂತಿತು, ನಾನು ಇಳಿಸುವವರೆಗೆ ಅಲ್ಲೇ ಇತ್ತು.

ಪರದೆ ಪಕ್ಕದಲ್ಲಿ ಶೀಲಾ ಬಿಕ್ಕಿ ಅಳುತ್ತಿದ್ದಳು. ಈ ಸಲ ನಿಜವಾದದ್ದು.

ವಾಪಸ್

ವಿಮಾನಕ್ಕೆ ಕಾಯುತ್ತಾ ಕೂತಿದ್ದಾಗ ಪೂರ್ಣಿಮಾ ಹಾಕಿಕೊಟ್ಟ ಫೋನಿನಲ್ಲಿ ಹಾನುಬಾಳಿನ ರೈಟರ್ ತಿಮ್ಮಪ್ಪನವರಿಗೆ ಕರೆ ಮಾಡಿದೆ. ಆ ದಿನ ಬೇರೆ ಊರಿಗೆ ಒಪ್ಪಿಕೊಂಡಿದ್ದೇನೆ ಅಂದದ್ದು ಸುಳ್ಳು ಎಂದೂ, ಚೈತ್ರಾಳೇ ರಾಣಿಯಾಗಲಿ, ನಾನು ರಾಜಮಾತೆ ಮಾಡುತ್ತೇನೆಂದೂ ಹೇಳಿದೆ. ಆದರೆ ನನಗೆ ಒಂದು ಹಾಡು ಬೇಕು.

“ರಾಜಮಾತೆಗೆ ಹಾಡೇ ಇಲ್ವಲ್ಲ ಗಿರಿಜಮ್ಮ. ಪುಸ್ತಕದಲ್ಲೇ ಇಲ್ಲ ಕಣ್ರೀ.”

“ನಾವು ಮಾಡ್ಕಂಡು ಬರ್ತೀವಿ. ನೀವು ಜಾಗ ಬುಡಿ, ಸಾಕು.”

ಅವರು ಯಾರನ್ನೋ ಕೇಳಿದರು. ಜೀಪಿನ ಸದ್ದು, ಯಾರೋ ನಕ್ಕ ಸದ್ದು ಕೇಳಿಸಿತು. ಮೂರನೇ ಅಂಕದ ಕೊನೆಗೆ, ರಾಜಮಾತೆ ಸೊಸೆಗೆ ಕಿರೀಟ ತೊಡಿಸುವಲ್ಲಿ, ಎರಡು ನಿಮಿಷ ಆಗಬಹುದು ಅಂದರು. ನಾಲ್ಕು ಅಂದೆ. ಸರಿ ಅಂದರು.

ವಿಮಾನ ಹತ್ತಿ ಪಟ್ಟಿ ಕಟ್ಟಿಕೊಂಡ ಮೇಲೆ ಮೇಷ್ಟ್ರು ತೊಡೆಯ ಮೇಲೆ ಬೆರಳಾಡಿಸುತ್ತಾ ರಾಗ ಹುಡುಕತೊಡಗಿದರು. ವಿಮಾನ ಓಡಲು ಶುರುಮಾಡುವಷ್ಟರಲ್ಲಿ ಅವರಿಗೆ ಸಿಕ್ಕಿತ್ತು. “ಮಾತು ಹಾಕವ್ವ” ಅಂದರು. ನಾನು ಕಣ್ಣು ಮುಚ್ಚಿ ಎದುರಿಗೆ ಚೈತ್ರಾಳನ್ನು ನಿಲ್ಲಿಸಿಕೊಂಡೆ. ಚಕ್ರ ನೆಲ ಬಿಟ್ಟಿತು. ಪಕ್ಕದ ಸೀಟಿನಾಕೆ ಕಿವಿಯಿಂದ ವೈರು ತೆಗೆದು ನಮ್ಮ ಕಡೆ ತಿರುಗಿದಳು. ಬಿಳಿ ನಾಲ್ಕರಲ್ಲಿ, ಮೆಲ್ಲಗೆ, ಪಲ್ಲವಿ ತಾನಾಗಿ ಬಂತು:

ಕಿರೀಟ ಕೊಟ್ಟೆನು ಮಗಳೇ, ಕೊರಳ ಕೊಡಲಿಲ್ಲ.